ಸೋರೆಬುರುಡೆಯ ಸೊಟ್ಟ ಅವರೆ

"ಅಜ್ಜಾ, ಸಹಿಸುತ್ತ ಸಹಿಸುತ್ತ ಜೀವ ಬದಲಾಗುತ್ತದೆಯೊ ಇಲ್ಲವೊ? ಒಂದೇ ಮಾತಿನಲ್ಲಿ ಹೇಳಿಬಿಡಿ."

ಕೇಳಿದವನು ಮಾಳಿಂಗ. ಅಜ್ಜ ಗುರುಗಳಾಗಿದ್ದ, ಬೆಟ್ಟದ ಮೇಲಿನ ಗವಿಮಠದಲ್ಲಿ ಅವನಿಗೆ ಅದು ಮೂರನೆಯ ಚಳಿಗಾಲ. ಅದಕ್ಕೂ ಮೊದಲು ನಾಲ್ಕು ಮಠ ಕಂಡು, ನಾಲ್ಕನ್ನೂ ಬಿಟ್ಟು ಬಂದವನು. ಇಲ್ಲಿ ಕಾಲಿಟ್ಟ ದಿನವೇ ಒಂದು ಹಟ ಹಿಡಿದಿದ್ದ. ಚಳಿಗಾಲವೆಲ್ಲ ನಸುಕಿನಲ್ಲಿ ಕೊಳಕ್ಕಿಳಿದು ಕುತ್ತಿಗೆಮಟ್ಟದ ನೀರಿನಲ್ಲಿ ನಿಲ್ಲಬೇಕು. ಚಳಿ ತಾನಾಗಿ ತನ್ನನ್ನು ಬಿಟ್ಟುಹೋಗುವವರೆಗೆ ಬಿಡಬಾರದು. ಚಳಿ ಬಿಡಲಿಲ್ಲ. ವರ್ಷಕ್ಕೆ ಒಂದು ಬೆಳಿಗ್ಗೆಯೋ ಎರಡೋ ಚಳಿಯ ನೆನಪೇ ಬಾರದೆ ನಿಂತು ಬಂದದ್ದುಂಟು. ಅದು ಏನೋ ಅಪ್ಪಿತಪ್ಪಿ ಆದದ್ದು ಎಂದು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಳಿದ ದಿನವೆಲ್ಲ ಅದೇ ನಡುಕ. ಈ ಬೆಳಿಗ್ಗೆಯೂ ಹಲ್ಲು ಮೊದಲ ದಿನದಂತೆಯೇ ಕಟಕಟಗುಟ್ಟಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಿರಿಯ ಶಿಷ್ಯ, "ಏನಪ್ಪಾ ಮಾಳಿಂಗ, ತಾಳ ಹಾಕುತ್ತ ಬಂದೆಯಲ್ಲ, ಭಜನೆ ಎಲ್ಲಿ ಬಿಟ್ಟು ಬಂದೆ?" ಎಂದು ನಕ್ಕ.

ಮಾಳಿಂಗ ಒಳಗೆ ಹೋಗಿ ಜೋಳಿಗೆ ಕಟ್ಟಿದ. ಅಜ್ಜ ನೇರ ಉತ್ತರ ಕೊಟ್ಟರೆ ಇರುವುದು, ಇಲ್ಲವಾದರೆ ಬೆಟ್ಟ ಇಳಿಯುವುದು. ಹೀಗೆ ಮನಸ್ಸು ಗಟ್ಟಿಮಾಡಿಕೊಂಡೇ ಬಂದು ಕೂತಿದ್ದ.

ಅಜ್ಜ ಅವನ ಹೆಗಲ ಮೇಲಿನ ಜೋಳಿಗೆಯನ್ನು ನೋಡಿದರು. ನೋಡದವರಂತೆ ಕತೆ ತೆಗೆದರು.

ಬಯಲಿನ ಒಬ್ಬ ರೈತ ಹೆಂಡತಿಯನ್ನು ಕರೆದುಕೊಂಡು ಬೆಟ್ಟದ ನೆತ್ತಿಗೆ ಒಕ್ಕಲು ಹೋದ. ಮಣ್ಣು ಚೆನ್ನಾಗಿತ್ತು, ಬುಗ್ಗೆಯ ನೀರಿತ್ತು. ರಾಗಿ ಬೆಳೆದ, ಅದು ಹೊಟ್ಟೆಗೆ ಅಷ್ಟಕ್ಕಷ್ಟೆ. ಅವರೆ ಕೈಹಿಡಿದರೆ ಬೆಟ್ಟದಲ್ಲಿ ಬಾಳುವೆ, ಇಲ್ಲವಾದರೆ ಇಲ್ಲ. ಬಯಲಿನಿಂದ ತಂದ ಅವರೆ ಬಿತ್ತಿದ. ಬಳ್ಳಿ ಹಬ್ಬಿತು, ಹೂವು ಕಟ್ಟಿತು. ಪುಷ್ಯ ಮಾಸದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊಲದ ತುಂಬ ಉಪ್ಪು ಚೆಲ್ಲಿದ ಹಾಗೆ ಬಿಳಿಮಂಜು. ಬಿಸಿಲೇರಿತು, ಮಂಜು ಕರಗಿತು. ಬಳ್ಳಿ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿತ್ತು. ಇಡೀ ಹೊಲದಲ್ಲಿ ಏಳೆಂಟು ಗಿಡ ಉಳಿದವು. ಅವೂ ಕಣ್ಣಿಗೆ ಚೆಂದ ಕಾಣುವಂಥವಲ್ಲ. ಗಿಡ್ಡ ಗಿಡ, ನೆಲಕ್ಕೆ ಕವುಚಿಕೊಂಡಿದ್ದವು. ಎಲೆ ಕೆಂಪಡರಿತ್ತು. ಕಾಯಿ ಸೊಟ್ಟ, ಕಾಯಿಗೆ ಎರಡೇ ಕಾಳು.

ರೈತನ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ದಪ್ಪ ಕಾಯಿ ಬೀಜಕ್ಕೆ, ಸೊಟ್ಟ ಕಾಯಿ ಸಾರಿಗೆ. ಅವನ ಅಪ್ಪ ಹಾಗೆ ಮಾಡಿದ್ದ, ಅಪ್ಪನ ಅಪ್ಪನೂ ಹಾಗೇ ಮಾಡಿದ್ದ. ರೈತ ಉಳಿದ ಕಾಯಿಯನ್ನು ಸಾರಿಗೆ ಕೊಟ್ಟ. ಬೀಜಕ್ಕೆಂದು ಬೆಟ್ಟ ಇಳಿದು ಹೆಂಡತಿಯ ತವರಿಗೆ ಹೋಗಿ, ಹೆಬ್ಬೆರಳ ಗಾತ್ರದ ಕಾಯಿ ಆರಿಸಿ ತಂದ.

ಮರುವರ್ಷವೂ ಬಿಳಿಮಂಜು. ಮತ್ತೆ ಏಳೆಂಟು ಸೊಟ್ಟ ಗಿಡ, ಮತ್ತೆ ಸಾರು, ಮತ್ತೆ ತವರು.

ಮೂರನೆಯ ವರ್ಷ ಅವನಿಗೆ ಒಂದು ಉಪಾಯ ಹೊಳೆಯಿತು. ಚಳಿಯನ್ನು ಒಂದೇ ಸಲ ತೋರಿಸಿದರೆ ಗಿಡ ಹೆದರುತ್ತದೆ. ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಬೀಜವನ್ನು ಬುಗ್ಗೆಯ ತಣ್ಣೀರಿನಲ್ಲಿ ನೆನೆಹಾಕಿದ. ಬಳ್ಳಿಯ ಮೇಲೆ ಸಂಜೆ ಹೊದಿಸುವ ಹುಲ್ಲನ್ನು ದಿನದಿನಕ್ಕೆ ತೆಳುವು ಮಾಡುತ್ತ ಬಂದ.

ಮಾಳಿಂಗ ಇಲ್ಲಿ ಒಂದಿಷ್ಟು ಮುಂದಕ್ಕೆ ಜರುಗಿ ಕೂತ.

ಗಿಡಗಳಿಗೆ ರೂಢಿಯೇನೋ ಆಯಿತು, ಎಂದರು ಅಜ್ಜ. ಸಣ್ಣ ಚಳಿಯನ್ನು ತಡೆದವು. ಬಿಳಿಮಂಜು ಬಿದ್ದಾಗ ಎರಡು ದಿನ ತಡವಾಗಿ ಕಪ್ಪಾದವು. ಅಷ್ಟೆ.

ಹೀಗೆ ಐದು ವರ್ಷ ಹೋಯಿತು. ಐದನೆಯ ಮಂಜು ಬಿದ್ದು ಹೋದ ಮೇಲೆ ರೈತ ಮತ್ತೆ ತವರಿನ ಅಂಗಳದಲ್ಲಿ ನಿಂತ. ಹೆಂಡತಿಯ ತಮ್ಮ ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ.

"ಬನ್ನಿ ಭಾವಾ, ಬನ್ನಿ. ನಮ್ಮ ಅವರೆಯನ್ನು ಈ ಸಲ ಎಲ್ಲಿ ಮಣ್ಣು ಮಾಡುತ್ತೀರಿ? ಹೇಳಿಬಿಟ್ಟರೆ ತಿಥಿ ಊಟಕ್ಕೆ ನಾವೂ ಬರುತ್ತೇವೆ."

ಅಂಗಳದಲ್ಲಿದ್ದವರೆಲ್ಲ ನಕ್ಕರು. ರೈತ ಬೀಜ ಕೇಳಲಿಲ್ಲ. ಬರಿಗೈಯಲ್ಲಿ ಬೆಟ್ಟ ಹತ್ತಿದ.

ಅವನು ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಕೂತು ಸೊಟ್ಟ ಕಾಯಿ ಸುಲಿಯುತ್ತಿದ್ದಳು. ಸುಲಿದ ಕಾಳನ್ನು ಗಡಿಗೆಗೆ ಹಾಕುತ್ತಿರಲಿಲ್ಲ. ಬೂದಿ ಬೆರೆಸಿ ಬೀಜದ ಸೋರೆಬುರುಡೆಗೆ ತುಂಬುತ್ತಿದ್ದಳು. ಅವಳ ತಾಯಿ ಕಲಿಸಿಕೊಟ್ಟದ್ದು ಒಂದೇ ಪಾಠ. ಒಲೆಯ ಮೇಲೆ ತೂಗುವ ಬೀಜದ ಬುರುಡೆ ಬರಿದಾಗಬಾರದು. ಉಪವಾಸ ಬಿದ್ದರೂ ಒಂದು ಹಿಡಿ ಅದರೊಳಗೆ ಇರಬೇಕು. ಹಿಂದಿನ ವರ್ಷಗಳಲ್ಲಿ ತವರಿನ ಬೀಜ ಒಂದಿಷ್ಟು ಮಿಕ್ಕಿರುತ್ತಿತ್ತು. ಈ ವರ್ಷ ಬುರುಡೆ ಅಲ್ಲಾಡಿಸಿದರೆ ಸದ್ದೇ ಇಲ್ಲ.

"ಸಾರಿಗೆ ಹೋಗುವುದನ್ನು ಬುರುಡೆಗೆ ಹಾಕುತ್ತೀಯಲ್ಲೇ! ಇದನ್ನು ಬಿತ್ತಿದರೆ ಇದೇ ಬೆಳೆಯುತ್ತದೆ," ಎಂದ ರೈತ.

"ಬೆಳೆಯಲಿ ಬಿಡಿ. ಬುರುಡೆ ಬರಿದಾಗಬಾರದು. ನನ್ನ ತಮ್ಮ ಏನೆಂದನೋ ನಾನು ಕೇಳುವುದಿಲ್ಲ, ನಿಮ್ಮ ಮುಖವೇ ಹೇಳುತ್ತಿದೆ. ಇನ್ನು ಆ ಅಂಗಳ ತುಳಿಯಬೇಡಿ. ಇದೂ ಹೋದರೆ ಬೆಟ್ಟ ಬಿಟ್ಟು ಕೂಲಿಗೆ ಹೋಗೋಣ."

ಆ ಕಾಳು ಬರೀ ಒಂದು ಸಾಲಿಗಾಯಿತು. ಬಿತ್ತಿದರು. ಬಿಳಿಮಂಜು ಬಿತ್ತು. ಸಾಲಿನಲ್ಲಿ ಅರ್ಧ ಕಪ್ಪಾಯಿತು, ಅರ್ಧ ಉಳಿಯಿತು. ಉಳಿದ ಅರ್ಧದ ಕಾಳನ್ನು ಅವಳು ಮತ್ತೆ ಬುರುಡೆಗೆ ಹಾಕಿದಳು. ಮರುವರ್ಷ ಮುಕ್ಕಾಲು ಉಳಿಯಿತು. ಅದರ ಮರುವರ್ಷ ಬಿಳಿಮಂಜನ್ನು ಮೈಮೇಲೆ ಹೊತ್ತ ಗಿಡಗಳು ಬಿಸಿಲೇರುತ್ತಲೇ ಅದನ್ನು ಇಳಿಸಿ ನಿಂತವು. ಕಾಯಿ ಸಣ್ಣದೇ, ಗಿಡ ಗಿಡ್ಡವೇ. ಬಯಲಿನವರು ಕಂಡಿದ್ದರೆ ದನಕ್ಕೂ ಹಾಕುತ್ತಿರಲಿಲ್ಲ. ಆದರೆ ಅದು ಬೆಳೆ. ಗಂಡಹೆಂಡಿರು ಬೆಟ್ಟ ಬಿಡಲಿಲ್ಲ.

ರೈತನ ಸಂತೋಷಕ್ಕೆ ಮಿತಿಯಿರಲಿಲ್ಲ. ಗಿಡ ಕೊನೆಗೂ ಕಲಿಯಿತು ಎಂದುಕೊಂಡ. ಕಲಿತವರ ಪಕ್ಕದಲ್ಲಿ ಕಲಿಯದವರನ್ನು ಕೂರಿಸಿದರೆ ಅವರೂ ಕಲಿಯುತ್ತಾರೆ. ಹೆಂಡತಿಗೆ ಹೇಳದೆ ಸಂತೆಯಿಂದ ದಪ್ಪ ಬೀಜ ತಂದು, ಒಂದು ಸಾಲು ಇದು, ಒಂದು ಸಾಲು ಅದು ಎಂದು ಬಿತ್ತಿದ. ಪುಷ್ಯ ಬಂತು. ಒಂದು ಬೆಳಿಗ್ಗೆ ಹೊಲ ಪಟ್ಟೆಪಟ್ಟೆ ಕಂಬಳಿಯಂತೆ ಕಂಡಿತು. ಒಂದು ಸಾಲು ಹಸಿರು, ಒಂದು ಸಾಲು ಕಪ್ಪು. ಎಲೆಗೆ ಎಲೆ ತಾಗಿಸಿಕೊಂಡು ಬೆಳೆದಿದ್ದವು, ಒಂದೇ ಮಣ್ಣು ಉಂಡಿದ್ದವು.

ರೈತ ಬದುವಿನ ಮೇಲೆ ಕುಸಿದು ಕೂತ. "ಹಾಗಾದರೆ ಇವು ಕಲಿತದ್ದು ಯಾವಾಗ?" ಎಂದ.

ಹೆಂಡತಿ ಒಂದು ಸೊಟ್ಟ ಕಾಯಿ ಕಿತ್ತು ಅವನ ಕೈಯಲ್ಲಿಟ್ಟಳು. "ಯಾವುದೂ ಏನೂ ಕಲಿಯಲಿಲ್ಲ. ತಾಳುವಂಥವು ಮೊದಲ ವರ್ಷವೇ ನಮ್ಮ ಹೊಲದಲ್ಲಿ ಹುಟ್ಟಿದ್ದವು. ನಾಲ್ಕು ವರ್ಷ ನಾವು ಅವನ್ನೇ ಸಾರು ಮಾಡಿ ಉಂಡೆವು."

ಅಜ್ಜ ಕತೆ ನಿಲ್ಲಿಸಿದರು.

ಮಾಳಿಂಗನ ತಲೆ ಗಿರ್ರೆಂದಿತು. ಕೂತಿದ್ದವನು ಎದ್ದ. ಎದ್ದವನು ಮತ್ತೆ ಕೂತ. ಸಹಿಸಿದರೆ ಬದಲಾಗುತ್ತದೆ ಎಂದರೆ ಇರುತ್ತಿದ್ದ. ಆಗುವುದಿಲ್ಲ ಎಂದರೆ ಹೋಗುತ್ತಿದ್ದ. ಈ ಕತೆಯಲ್ಲಿ ಹೊಲ ಬದಲಾಯಿತು, ಆದರೆ ಒಂದು ಗಿಡವೂ ಬದಲಾಗಲಿಲ್ಲ. ಇದು ಹೌದೊ, ಅಲ್ಲವೊ?

"ಅಜ್ಜಾ, ನೀವು ನನ್ನನ್ನು ಸುತ್ತಿಸುತ್ತಿದ್ದೀರಿ," ಎಂದ. "ತಾಳುವ ಗುಣ ಹುಟ್ಟುವಾಗಲೇ ಬರಬೇಕು. ಬರದಿದ್ದರೆ ತಣ್ಣೀರಲ್ಲಿ ನಿಂತೂ ಇಲ್ಲ, ನಿಮ್ಮ ಪಕ್ಕದಲ್ಲಿ ಕೂತೂ ಇಲ್ಲ. ನಾನು ಕಪ್ಪಾಗುವ ಗಿಡ. ಮೂರು ವರ್ಷ ನೋಡಿದ್ದೀರಿ, ಮೊದಲೇ ಹೇಳಬಾರದಿತ್ತೆ?"

ಮಾಳಿಂಗ ಜೋಳಿಗೆ ಸರಿಪಡಿಸಿಕೊಂಡು ಅಜ್ಜನ ಕಾಲು ಮುಟ್ಟಿ ನಮಸ್ಕರಿಸಿದ. ಗವಿಯ ಬಾಗಿಲಿಗೆ ಹೋದ. ಹೊಸ್ತಿಲು ದಾಟಲು ಕಾಲೆತ್ತಿದ. ಆಗ ಹಿಂದಿನಿಂದ ಅಜ್ಜನ ದನಿ ಕೇಳಿತು.

"ಗಿಡದ ಕತೆ ನಿನಗೆ ಯಾರು ಹೇಳಿದರು ಮಾಳಿಂಗ, ನಾನು ಹೇಳಿದ್ದು ಹೊಲದ ಕತೆ."

ಮಾಳಿಂಗ ಎತ್ತಿದ ಕಾಲನ್ನು ಇಳಿಸದೆ ನಿಂತ. ಚಳಿ ಮರೆತು ನಿಂತಿದ್ದ ಆ ಒಂದೆರಡು ಬೆಳಿಗ್ಗೆಗಳು ಯಾವುವು, ಅಂದು ತಾನು ಹೇಗಿದ್ದೆ ಎಂದು ನೆನೆಯಲು ನೋಡಿದ. ಒಂದೂ ನೆನಪಿಗೆ ಬರಲಿಲ್ಲ; ಎಲ್ಲವನ್ನೂ ಸಾರಿಗೆ ಹಾಕಿಬಿಟ್ಟಿದ್ದ.