ಇಟ್ಟು ತೆಗೆಯುವ ಲೆಕ್ಕ

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಊರಿಗೆ ಹೊರಟ ಶಿಷ್ಯ ಗುರುಗಳು ಕೊಟ್ಟ ಒಂದು ಲೆಕ್ಕಕ್ಕೆ ಉತ್ತರ ಹೇಳಿಯೇ ಹೊರಡಬೇಕು. ಹೇಳುವ ತನಕ ಮರಳು ಹರಡಿದ ಹಲಗೆಯ ಮುಂದಿನಿಂದ ಏಳುವಂತಿಲ್ಲ.

ವಾಮನನಿಗೆ ಅವಸರವಿತ್ತು. ಬೆಳಗಾದರೆ ಆಚೆ ದಡದ ಊರಿನಲ್ಲಿ ತಂಗಿಯ ಮದುವೆ. ಹೋಮದ ಹೊತ್ತಿಗೆ ಅವಳ ಬೊಗಸೆಗೆ ಅರಳು ಹಾಕಬೇಕಾದವನು ಅಣ್ಣ. ಅವಳಿಗಿದ್ದ ಅಣ್ಣ ಇವನೊಬ್ಬನೇ. ಹೊಳೆ ದಾಟಲು ಇದ್ದದ್ದು ಸಂಜೆಯ ಹರಿಗೋಲು ಮಾತ್ರ.

ಅವಸರದ ಜೊತೆಗೆ ಜಂಬವೂ ತುಸು ಇತ್ತು. "ಸುಲಭದ್ದು ಕೊಡಬೇಡಿ ಗುರುಗಳೇ," ಅಂದುಬಿಟ್ಟ.

ಗುರುಗಳು ನಕ್ಕರು. ಅಂಗಳದಿಂದ ಒಂದು ಕಲ್ಲು ಆರಿಸಿ ತಂದು ಅವನ ಕೈಗಿಟ್ಟರು.

"ಹಲಗೆಯ ಮೇಲೆ ಇಡು. ತೆಗೆ. ಮತ್ತೆ ಇಡು. ಮತ್ತೆ ತೆಗೆ. ಹೀಗೇ ಮಾಡುತ್ತಿರು, ನಿಲ್ಲಿಸಬೇಡ. ಒಟ್ಟು ಎಷ್ಟು?"

ಇದೇನು ಮಹಾ ಎಂದುಕೊಂಡು ವಾಮನ ಇಟ್ಟ, ತೆಗೆದ. "ಸೊನ್ನೆ."

ಗುರುಗಳು ಕಲ್ಲನ್ನು ಮತ್ತೆ ಇಟ್ಟರು. "ನಿಲ್ಲಿಸಬೇಡ ಅಂದಿದ್ದೆ."

"ಹಾಗಾದರೆ ಒಂದು."

ಗುರುಗಳು ತೆಗೆದರು.

ವಾಮನ ಇಡುತ್ತ, ತೆಗೆಯುತ್ತ ಕೂತ. ಬಿಸಿಲು ಇಳಿಯಿತು, ತೋಳು ನೋಯಿತು. ಜಂಬ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

"ಇದಕ್ಕೆ ಕೊನೆಯೇ ಇಲ್ಲವಲ್ಲ! ಕೊನೆಯಿಲ್ಲದ್ದಕ್ಕೆ ಒಟ್ಟು ಎಲ್ಲಿಂದ ಬರಬೇಕು?"

"ಕೊನೆಗೆ ಕಾಯಬೇಡ. ಒಟ್ಟು ಒಂದಿದೆ ಅಂತ ಹಿಡಿ. ಮೊದಲು ಇಟ್ಟ ಕಲ್ಲನ್ನು ಬೇರೆಯಾಗಿ ಎಣಿಸು. ಉಳಿದದ್ದೇನು?"

"ತೆಗೆ, ಇಡು, ತೆಗೆ, ಇಡು... ಅದೇ ಲೆಕ್ಕ, ತಿರುವುಮುರುವು. ಅಂದರೆ ಇಡೀ ಲೆಕ್ಕ ಒಂದರಲ್ಲಿ ಆ ಒಟ್ಟನ್ನೇ ಕಳೆದ ಹಾಗೆ."

"ಕಳೆದರೆ ಬರಬೇಕಾದದ್ದು?"

"ಮತ್ತೆ ಅದೇ ಒಟ್ಟು."

"ಒಂದರಲ್ಲಿ ಕಳೆದರೂ ತಾನೇ ಉಳಿಯುವ ಸಂಖ್ಯೆ ಯಾವುದಪ್ಪಾ?"

ವಾಮನನ ಬೆರಳು ಮರಳಿನಲ್ಲಿ 'ಅರ್ಧ' ಎಂದು ಬರೆಯಿತು. ಬರೆದವನೇ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ.

"ನಾನು ಇಟ್ಟದ್ದು ಇಡೀ ಕಲ್ಲು, ತೆಗೆದದ್ದೂ ಇಡೀ ಕಲ್ಲು. ನಡುವೆ ಈ ಅರ್ಧ ಎಲ್ಲಿಂದ ಬಂತು?"

"ನಿನ್ನ ಕೈಯಿಂದಲೇ ಬಂತಲ್ಲ."

"ಎಲ್ಲೋ ತಪ್ಪಿದೆ."

"ತೋರಿಸು."

ಮೊದಲಿನಿಂದ ನೋಡಿದ. ಕಳೆದದ್ದು ಸರಿ, ತಿರುವಿದ್ದು ಸರಿ. ಎಲ್ಲವೂ ಸರಿಯಿದ್ದು ಉತ್ತರ ಮಾತ್ರ ನಂಬಲಾಗದ್ದು.

ದಡದಿಂದ ಅಂಬಿಗ ಕೂಗಿದ. ಕಂಬದ ಮರೆಯಲ್ಲಿ ನಿಂತಿದ್ದ ಜೊತೆಗಾರ ಕೇಶವನಿಗೆ ತಡೆಯಲಾಗಲಿಲ್ಲ. "ಅರ್ಧ ಅಂತ ಹೇಳಿ ಏಳೋ ಮಾರಾಯ! ಹರಿಗೋಲು ಹೊರಟುಹೋಗುತ್ತೆ."

ಗುರುಗಳು ಕೇಳಿದರು. "ಏನು, ಅರ್ಧವೇ?"

ಹೂಂ ಅಂದರೆ ಸಾಕು, ಹೊಳೆ ದಾಟಬಹುದು. ತಂಗಿಯ ಬರಿಯ ಬೊಗಸೆ ಕಣ್ಣ ಮುಂದೆ ಬಂತು. ಆದರೂ ಹೂಂ ಅನ್ನಲು ಮನಸ್ಸು ಒಪ್ಪಲಿಲ್ಲ.

"ಅರ್ಧ ಅನ್ನಲಾರೆ ಗುರುಗಳೇ, ಎಷ್ಟು ಇಟ್ಟು ತೆಗೆದರೂ ಅದು ಕಾಣಲಿಲ್ಲ. ಅಲ್ಲ ಅಂತಲೂ ಅನ್ನಲಾರೆ, ನಾನೇ ಬರೆದಿದ್ದೇನೆ. ಒಟ್ಟು ಅನ್ನೋದೊಂದು ಇದ್ದರೆ ಅದು ಅರ್ಧ. ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತಲೆ ಕೆಟ್ಟುಹೋಗಿದೆ. ಅಲ್ಲಿ ತಂಗಿ ದಾರಿ ನೋಡ್ತಿರ್ತಾಳೆ."

ಗುರುಗಳು ಅಂಗೈಯಿಂದ ಮರಳು ಸವರಿ ಹಲಗೆಯನ್ನು ಸಮಮಾಡಿದರು. ಅವನ ಬಟ್ಟೆಯ ಗಂಟನ್ನು ತಾವೇ ಎತ್ತಿ ಕೊಟ್ಟರು.

"ಓಡು."

ವಾಮನ ಎದ್ದು ನಿಂತ. ಕಾಲು ಜೋಮು ಹಿಡಿದಿತ್ತು. "ಮತ್ತೆ... ಉತ್ತರ?"

"ಹೇಳಿದೆಯಲ್ಲ. ಆ 'ಇದ್ದರೆ' ಅನ್ನೋ ಮಾತನ್ನು ಮಾತ್ರ ಮದುವೆಯ ಗದ್ದಲದಲ್ಲಿ ಕಳೆದುಕೊಂಡು ಬರಬೇಡ."