ಹಗಲಿನ ಗಾಜು, ರಾತ್ರಿಯ ಗಾಜು

"ಗುರುಗಳೇ, ಮನಸ್ಸು ಸ್ವಲ್ಪ ಹೊತ್ತಾದರೂ ಅಲುಗದೆ ನಿಲ್ಲುತ್ತದೆಯೇ?" ಎಂದು ಚೆನ್ನವೀರ ಕೇಳಿದ. ತನ್ನ ಮನಸ್ಸನ್ನು ಬೆಳಗಿನ ಪೂಜೆಯಲ್ಲಿ ನೋಡಿದ್ದ, ರಾತ್ರಿಯ ಧ್ಯಾನದಲ್ಲಿ ನೋಡಿದ್ದ. ಎರಡೂ ಹೊತ್ತು ಅದು ಕುದಿಯುತ್ತಲೇ ಇತ್ತು. ಅದು ನಿಂತೀತೆಂಬ ಆಸೆಯೇ ಅವನಿಗೆ ಉಳಿದಿರಲಿಲ್ಲ. ಮಠ ಬಿಟ್ಟುಹೋಗಲು ಆ ಸಂಜೆ ಬಟ್ಟೆಬರೆಯ ಗಂಟು ಕಟ್ಟಿದ್ದ.

ಗುರುಗಳು ಗಂಟನ್ನು ನೋಡಿ ಹೇಳತೊಡಗಿದರು.

ಒಬ್ಬ ಖಗೋಳಜ್ಞನಿದ್ದ. ಒಂದೇ ಎಂದು ಕಾಣುವ ಒಂದು ನಕ್ಷತ್ರ ನಿಜವಾಗಿ ಎರಡು ಎಂದು ಅವನು ನಂಬಿದ್ದ. ಅವನ್ನು ಬೇರೆಬೇರೆಯಾಗಿ ಒಮ್ಮೆ ಕಾಣಬೇಕೆಂಬುದೇ ಅವನ ಬದುಕಾಗಿತ್ತು. ಆದರೆ ಗಾಳಿ ಕದಡಿದರೆ ಬೆಳಕೂ ನಡುಗುತ್ತದೆ. ಉರಿಯುವ ಒಲೆಯ ಆಚೆಗಿನ ಗೋಡೆ ನಡುಗಿದಂತೆ ಕಾಣುತ್ತದಲ್ಲ, ಹಾಗೆ. ನಡುಗಿದರೆ ಎರಡು ಚುಕ್ಕಿ ಕಲೆತು ಒಂದಾಗುತ್ತವೆ.

ಗಾಳಿ ಯಾವಾಗ ನಿಲ್ಲುತ್ತದೆಂದು ತಿಳಿಯಲು ಅವನು ಬೋಳುಗುಡ್ಡದ ಮೇಲೆ ದೂರದರ್ಶಕ ನೆಟ್ಟ. ಹಗಲು ಮಸಿ ಹಿಡಿಸಿದ ಗಾಜು ಹಾಕಿ ಸೂರ್ಯನ ಅಂಚಿನ ನಡುಕ ಅಳೆದ. ರಾತ್ರಿ ಅದನ್ನು ತೆಗೆದು, ತಿಳಿಗಾಜು ಕೂಡಿಸಿ, ನಕ್ಷತ್ರದ ನಡುಕ ಅಳೆದ. ಹಗಲು ನೆಲ ಕಾದು ಗಾಳಿ ಕದಡುತ್ತಿತ್ತು, ರಾತ್ರಿ ನೆಲ ತಣಿದು ಕದಡುತ್ತಿತ್ತು. ಸೂರ್ಯನನ್ನು ನೋಡಿ ನೋಡಿ ಅವನ ಕಣ್ಣು ಹೋದವು.

ಕೊನೆಗೆ ಸಾಮಾನು ಇಳಿಸಲು ಹೆಂಡತಿಯ ಕೈ ಹಿಡಿದು ಗುಡ್ಡ ಹತ್ತಿದ. ಸೂರ್ಯ ಮುಳುಗಿದ್ದ, ಇನ್ನೂ ಕತ್ತಲಾಗಿರಲಿಲ್ಲ. ದೂರದರ್ಶಕ ಇನ್ನೂ ಅವನ ನಕ್ಷತ್ರದ ಕಡೆಗೇ ತಿರುಗಿತ್ತು. ಬಿಚ್ಚುವ ಮೊದಲು ಹೆಂಡತಿ ಸುಮ್ಮನೆ ಕಣ್ಣಿಟ್ಟಳು.

"ಎರಡಿವೆ ಕಣ್ರೀ. ಒಂದು ದೊಡ್ಡದು, ಒಂದು ಸಣ್ಣದು."

"ನಡುಗುತ್ತಿಲ್ಲವೇ?"

"ಇಲ್ಲ. ಮೊಳೆ ಹೊಡೆದು ಕೂರಿಸಿದ ಹಾಗಿವೆ. ಇಷ್ಟು ವರ್ಷ ಈ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ?"

ನೆಲದ ಬಿಸಿಯೂ ಗಾಳಿಯ ಬಿಸಿಯೂ ಸಮವಾಗುವ ಹೊತ್ತು ಅದು. ಪ್ರತಿ ಸಂಜೆಯೂ ಬಂದು, ತುಸು ನಿಂತು ಹೋಗುತ್ತಿತ್ತು. ಅಳೆಯಲು ಸೂರ್ಯನಿಲ್ಲ, ನಕ್ಷತ್ರ ಇನ್ನೂ ಸರಿಯಾಗಿ ಮೂಡಿಲ್ಲ ಎಂದುಕೊಂಡು ಅವನು ಆಗ ತಲೆ ಬಗ್ಗಿಸಿ ಗಾಜು ಬದಲಿಸುತ್ತಿದ್ದ. ಕಾಣದ ಕಣ್ಣನ್ನು ದೂರದರ್ಶಕಕ್ಕೆ ಒತ್ತಿಕೊಂಡು, ಕತ್ತಲಾಗುವ ತನಕ ಹಾಗೇ ನಿಂತ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಕತ್ತಲಾಗಿತ್ತು.

"ಹಾಗಾದರೆ ನನಗೂ ಅಂಥ ಹೊತ್ತು ಬರುತ್ತದೆಯೇ?" ಎಂದು ಚೆನ್ನವೀರ ಕೇಳಿದ.

"ಈ ಸಂಜೆ ಬಂದಿತ್ತು, ನೀನು ಗಂಟು ಕಟ್ಟುತ್ತಿದ್ದೆ," ಎಂದರು ಗುರುಗಳು.