ಬೆರಳಿಗೆ ಹಚ್ಚಿದ ಬೂದಿ

ಹಳೇ ಬೆಣಚಿನಾಳದಲ್ಲಿ ನೇಕಾರ ಮುರಿಗೆಪ್ಪ ಮಗ್ಗಕ್ಕೆ ಕೂತನೆಂದರೆ ಲಾಳಿ ಓಡುವ ಬಿರುಸಿಗೆ ಕಿಡಿ ಹಾರುತ್ತಿತ್ತು. ಆ ಕಿಡಿಯಿಂದಲೇ ಅವನು ಬೀಡಿ ಹಚ್ಚಿಕೊಳ್ಳುತ್ತಿದ್ದ. ಅಲ್ಲ ಅನ್ನುವವರು ಹೋಗಿ ನೋಡಿಕೊಂಡು ಬರಲಿ. ಆ ಮಗ್ಗದ ಮನೆ, ಆ ಓಣಿ, ಇಡೀ ಊರೇ ಈಗ ಅಣೆಕಟ್ಟಿನ ಹಿನ್ನೀರಿನಡಿ ನಲವತ್ತಾಳು ಆಳದಲ್ಲಿದೆ.

ಊರು ಮುಳುಗಿದ ಮೇಲೆ ಜನರನ್ನೆಲ್ಲ ದಿಬ್ಬದ ಮೇಲಿನ ಹೊಸ ಕಾಲೊನಿಗೆ ತಂದು ಹಾಕಿದರು. ಪೂಜ್ಯ ಶಿವಗಂಗವ್ವ ತಾಯಿಯವರು ಆ ಕಾಲೊನಿಯ ಕಟ್ಟಕಡೆಗೆ ನಾಲ್ಕು ತಗಡಿನ ಆಸರೆಯಲ್ಲಿ ವಾಸವಾಗಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಬಂದ ಸಾಹುಕಾರರಿಗೆ ಒಂದು ಚರಿಗೆ ನೀರು ಕೊಟ್ಟು ವಾಪಸು ಕಳಿಸಿಬಿಟ್ಟಿದ್ದರು. ಮೂರು ಕಲ್ಲಿನ ಒಲೆ, ಒಂದು ಚರಕ, ಒಂದು ಕಂಬಳಿ, ಇಷ್ಟೇ ಅವರ ಸಂಪತ್ತು. ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು, ಬಂದ ರೊಟ್ಟಿಯನ್ನೇ ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಅವರು ನಡೆದು ಬಂದರೆ ಇರುವೆಯ ಸಾಲು ನಿಂತು ದಾರಿ ಬಿಡುತ್ತಿತ್ತು.

ಜನ ಅವರ ಒಲೆಯ ಬೂದಿಗಾಗಿ ಬರುತ್ತಿದ್ದರು. ಮುರಿಗೆಪ್ಪನಿಗೆ ಅದರಲ್ಲಿ ಕಾಳಿನಷ್ಟೂ ನಂಬಿಕೆ ಇರಲಿಲ್ಲ.

ಅವನ ಕಷ್ಟ ಬೇರೆ. ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಹಲಗೆ ಮೆಟ್ಟಿದರೇ ಅದು ಆಡುವುದು. ಹೊಸ ಮನೆಗೆ ಸಿಮೆಂಟಿನ ನೆಲ. ಕಾಲೊನಿಯ ಮೇಲ್ವಿಚಾರಕ ಮನೆಮನೆಗೂ ಬಂದು, ನೆಲ ಒಡೆದರೆ ಮನೆ ವಾಪಸು ಎಂದು ಹೇಳಿ ಹೋಗಿದ್ದ. ಮಗ್ಗ ಬಿಚ್ಚಿದ ಕಟ್ಟಿಗೆಯಾಗಿ ಗೋಡೆಗೆ ಒರಗಿತ್ತು. ನಾಲ್ಕು ತಿಂಗಳು ಮುರಿಗೆಪ್ಪ ಅದನ್ನೇ ನೋಡುತ್ತ ಕೂತ. ಬಸ್ಸಿನ ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತಿದ್ದ. ಕಿಡಿ ಹಾರಿಸಿದ ಕೈ, ನೀರಿನ ಚರಿಗೆ ಹಿಡಿದರೂ ನಡುಗುತ್ತಿತ್ತು.

ಒಂದು ಮಧ್ಯಾಹ್ನ ಅವನು ತನ್ನ ಹಣಿಗೆಯನ್ನು ಹೆಗಲಿಗೇರಿಸಿ ಹೊರಟ. ಹಣಿಗೆಯೆಂದರೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡಿದ, ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿ ಹಿಡಿದಿಡುವ ಸಾಧನ. ಸೀರೆ ಮುಗಿದರೂ ನೇಕಾರ ಅದರೊಳಗಿನ ಹಳೇ ಎಳೆಗಳನ್ನು ಕಿತ್ತುಹಾಕುವುದಿಲ್ಲ. ಗೇಣುದ್ದ ಬಿಟ್ಟಿರುತ್ತಾನೆ. ಹೊಸ ಹಾಸು ಬಂದಾಗ ಹಳೇ ತುದಿಗೆ ಹೊಸ ತುದಿ ಸೇರಿಸಿ ಹೊಸೆಯುತ್ತಾನೆ, ಒಂದೊಂದೇ. ಆ ತುದಿಗಳು ಹೋದವೆಂದರೆ ಮಗ್ಗ ಸತ್ತಂತೆ.

ಅಕ್ಕ ಕಾಶವ್ವ ಗಾಬರಿಯಾಗಿ ಅವನ ಹಿಂದೆಯೇ ಓಡಿದಳು.

ತಾಯಿಯವರ ಮುಂದೆ ಹಣಿಗೆ ಎಸೆದು ಮುರಿಗೆಪ್ಪ ಹೇಳಿದ: "ಇದನ್ನ ಒಲಿಗೆ ಹಾಕ್ರಿ. ರೊಟ್ಟಿನರ ಬೇಯ್ಲಿ. ನಂದು ಮುಗೀತು."

ತಾಯಿಯವರು ಚರಕ ನಿಲ್ಲಿಸಿದರು. ಒಲೆಯಿಂದ ಒಂದು ಹಿಡಿ ಬೂದಿ ತೆಗೆದರು.

"ಗೊತ್ತಿತ್ತ್ ನನಗ," ಎಂದು ಮುರಿಗೆಪ್ಪ ನಕ್ಕ. "ನಿಮ್ಮ ಹತ್ರ ಇರೋದು ಇದೊಂದ. ಹಚ್ರಿ, ನಿಮ್ಮ ಸಮಾಧಾನಕ್ಕ." ಹಣೆ ಬಗ್ಗಿಸಿದ.

"ಹಣೆಗಲ್ಲ," ಎಂದರು ತಾಯಿಯವರು. "ಬೆರಳಿಗೆ."

ಮುರಿಗೆಪ್ಪನ ನಗೆ ಅಲ್ಲಿಗೇ ನಿಂತಿತು. ಎಳೆ ಹೊಸೆಯುವಾಗ ಬೆರಳು ಜಾರದಿರಲೆಂದು ನೇಕಾರರು ಬೂದಿ ಹಚ್ಚಿಕೊಳ್ಳುವುದು ಅವನ ಅಜ್ಜನ ಕಾಲದ ರೂಢಿ. ತಾಯಿಯವರು ಚರಕದ ನೂಲಿನ ತುದಿಯನ್ನು ಅವನತ್ತ ಚಾಚಿದರು.

"ಒಂದ್ ಎಳಿ ಹೊಸಿ."

"ನಾಕ್ ಸಾವಿರ ಎಳಿ ಅದಾವ್ರಿ ಇದ್ರಾಗ."

"ನಾಕ್ ಸಾವಿರ ನಾ ಕೇಳಿಲ್ಲ."

ನಡುಗುವ ಕೈಯಿಂದ ಅವನು ಹೊಸೆದ. ಬಿಚ್ಚಿಕೊಂಡಿತು. ಮತ್ತೆ ಹೊಸೆದ. ಮೂರನೆಯ ಸಲ ಹಳೇ ಊರಿನ ಎಳೆಗೆ ಹೊಸ ಊರಿನ ನೂಲು ಕೂಡಿತು. ಎಳೆದು ನೋಡಿದ, ಹರಿಯಲಿಲ್ಲ. ಕೇಳದೆಯೇ ಎರಡನೆಯದಕ್ಕೆ ಕೈ ಹಾಕಿದ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೈ ತನ್ನ ನಡುಕ ಮರೆತಿತ್ತು.

"ಕುಣಿ ಎಲ್ಲೈತಿ?" ಎಂದು ತಾಯಿಯವರು ಕೇಳಿದರು.

"ತೋಡಬಾರದಂತ್ರಿ."

ತಾಯಿಯವರು ಪಕ್ಕದ ಮನೆಯ ಹಾರೆ ಇಸಿದುಕೊಂಡು ನಡೆದರು. ಎಂಬತ್ತರ ಮುಪ್ಪಿನ ದೇಹ, ಹೆಗಲ ಮೇಲೆ ಹಾರೆ. ಕಾಲೊನಿ ಅವರ ಹಿಂದೆ ನಡೆಯಿತು. ಸುದ್ದಿ ಮುಟ್ಟಿ ಮೇಲ್ವಿಚಾರಕ ಓಡಿ ಬರುವ ಹೊತ್ತಿಗೆ ಅವರು ಮುರಿಗೆಪ್ಪನ ಮನೆಯ ನಡುವೆ ಮೊದಲ ಏಟು ಹಾಕಿಯಾಗಿತ್ತು.

"ಅಜ್ಜಿ, ಇದು ಸರಕಾರದ ನೆಲ," ಎಂದ ಅವನು. "ಮನೆ ವಾಪಸು ಹೋಗ್ತದ."

"ಇಡೀ ಊರ ನಿಮ್ಮ ನೀರಿಗೆ ಕೊಟ್ಟೇವಿ," ಎಂದರು ತಾಯಿಯವರು. "ನಮ್ಮ ಕಾಲಿಗೆ ಒಂದ್ ಕುಣಿ ಕೊಡೂದಿಲ್ಲೇನು?"

ಅವನು ಜೇಬಿನಿಂದ ಪುಸ್ತಕ ತೆಗೆದ. ಯಾರು ಒಡೆದದ್ದು, ಹೆಸರು ಹೇಳಿ ಎಂದ. ಮುರಿಗೆಪ್ಪ ತಾಯಿಯವರ ಕೈಯಿಂದ ಹಾರೆ ತೆಗೆದುಕೊಂಡ. ಬಸ್ಸಿನ ಹಾರ್ನಿಗೆ ಬೆಚ್ಚುತ್ತಿದ್ದ ಮನುಷ್ಯ ಅವನು.

"ಮುರಿಗೆಪ್ಪ ಅಂತ ಬರ್ಕೋರಿ, ಸಾಹೇಬ್ರ. ಇನ್ನ ಬೀಳೋ ಏಟೆಲ್ಲಾ ನನ್ನವ."

ಬಾಗಿಲಲ್ಲಿ ನಿಂತಿದ್ದ ನೇಕಾರರು ಒಬ್ಬೊಬ್ಬರೇ ತಮ್ಮ ಹೆಸರನ್ನೂ ಹೇಳಿ, ತಮ್ಮ ತಮ್ಮ ಮನೆಗೆ ಹಾರೆ ಹುಡುಕಿಕೊಂಡು ಹೋದರು. ಪುಸ್ತಕದ ಹಾಳೆ ಸಾಲದೆ ಮೇಲ್ವಿಚಾರಕ ಹಿಂದಿರುಗಿದ. ಒಂದು ಮನೆಯೂ ವಾಪಸು ಹೋಗಲಿಲ್ಲ.

ಆ ಕುಣಿ ಈಗಲೂ ಇದೆ. ನೋಡಲು ಬಂದ ಭಕ್ತರಿಗೆ ಮುದುಕ ಮುರಿಗೆಪ್ಪ ಅದರೊಳಗೆ ಕಾಲು ಇಳಿಬಿಟ್ಟುಕೊಂಡೇ ಎಲ್ಲ ಹೇಳುತ್ತಾನೆ. ಮೊದಲು ಲಾಳಿಯ ಕಿಡಿ, ಬೀಡಿ. ಕೊನೆಗೆ, ತಾಯಿಯವರ ಒಂದೇ ಏಟಿಗೆ ಸಿಮೆಂಟೆಲ್ಲ ಹಪ್ಪಳದಂತೆ ಪುಡಿಯಾದದ್ದು.

ಮೊನ್ನೆಯೂ ಹಾಗೇ ಹೇಳಿ ಮುಗಿಸಿದ. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಕಾಶವ್ವ ತಲೆ ಎತ್ತದೆ ಅಂದಳು: "ಅವರ ಏಟಿಗೆ ಎದ್ದದ್ದು ಚಿಟಿಕಿ ಸಿಮೆಂಟ್. ಮುಂದ ಮೂರ್ ದಿನ ಬೆವರ ಸುರಿಸಿ ಅಗದಾವ ನೀನಾ. ಮತ್ತ ನೀ ಯಾವಾಗ ಬೀಡಿ ಸೇದಿದ್ಯೋ, ಮುರಿಗ್ಯಾ? ಒಲಿ ಹೊಗಿಗೇ ಕೆಮ್ಮಾವ."

ಮುರಿಗೆಪ್ಪ ಬೂದಿಯ ಬಟ್ಟಲಿಗೆ ಬೆರಳು ಅದ್ದಿ, ಮುಂದಿನ ಎಳೆ ಹಿಡಿದ.